ಶಾಲು ಸಾಕು, ಕಾಗದಪತ್ರ ಮಾಡಿಸಿಕೊಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಚಾಳಿನಲ್ಲಿ ಉಡುಪಿ ಕಡೆಯ ಒಬ್ಬ ಅಣ್ಣ ಇದ್ದಾರೆ, ವಯಸ್ಸು 71, ಒಬ್ಬರೇ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ತಟ್ಟೆ ತೊಳೆಯುವುದರಿಂದ ಶುರುಮಾಡಿ, ಸಪ್ಲೈಯರ್ ಆಗಿ, ನಾಲ್ಕೈದು ಹೋಟೆಲು ಬದಲಿಸಿ, ಕೊನೆಗೆ ಮೊಣಕಾಲು ಕೈಕೊಟ್ಟ ಮೇಲೆ ಖೋಲಿಯಲ್ಲೇ ಉಳಿದರು. ಪಿಎಫ್ ಇಲ್ಲ. ಹಳೆಯ ಧಣಿಗಳ ಹೋಟೆಲಿನಿಂದ ಒಂದು ಹೊತ್ತಿನ ಊಟ ಬರುತ್ತದೆ, ಅಷ್ಟೇ. ಹೋದ ವರ್ಷ ಒಂದು ಸಂಘದವರು ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅದಿನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಈ ಊರಿನ ಸೆಕೆಗೆ ಅದನ್ನು ಹೊದೆಯುವುದಾದರೂ ಯಾವಾಗ?

ಮಹಾರಾಷ್ಟ್ರ ಸರಕಾರದ ಶ್ರಾವಣಬಾಳ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,500 ರೂಪಾಯಿ ಸಿಗುತ್ತದೆ. 2023ರ ತನಕ 1,000 ಇತ್ತು. ಅಣ್ಣನಿಗೆ ಇದು ಗೊತ್ತೇ ಇರಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ನಾನು, ಒಂದು ಅರ್ಜಿ ಏನು ಮಹಾ ಅಂತ ಹೊರಟೆ. ಆರು ಸಲ ಓಡಾಡಿದ್ದಾಯಿತು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಸೋಡಾ ನೀರಿನಲ್ಲಿ ಸವೆದ ಬೆರಳು, ಮೆಷಿನ್ ಮೇಲೆ ಅಚ್ಚೇ ಮೂಡುವುದಿಲ್ಲ. ಬಿಪಿಎಲ್ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವರ್ಷದ ಆದಾಯ 21,000 ರೂಪಾಯಿ ಮೀರಬಾರದು, ಅಂದರೆ ತಿಂಗಳಿಗೆ 1,750, ಮುಂಬಯಿಯಲ್ಲಿ! ಜೊತೆಗೆ ಈ ರಾಜ್ಯದಲ್ಲಿ 15 ವರ್ಷ ಇದ್ದದ್ದಕ್ಕೆ ದಾಖಲೆ ಬೇಕು. ರಾತ್ರಿ ಹೋಟೆಲಿನ ಬೆಂಚುಗಳನ್ನೇ ಜೋಡಿಸಿಕೊಂಡು ಮಲಗುತ್ತಿದ್ದವರ ಹತ್ತಿರ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಅಣ್ಣ ಮರಾಠಿಯನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾರೆ, ಆದರೆ ಫಾರ್ಮ್ ಓದಲು ಬರುವುದಿಲ್ಲ.

ಅನುದಾನ ಇಲ್ಲವೇ ಅಂದರೆ, ಇದೆ. ವೃದ್ಧಾಶ್ರಮ ನಡೆಸುವ ಸಂಸ್ಥೆಗಳಿಗೆ ಕೇಂದ್ರ ಸರಕಾರ ಹಣ ಕೊಡುತ್ತದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು, ಹಿರಿಯರ ಸೌಲಭ್ಯಗಳೂ ಆ ಪಟ್ಟಿಯಲ್ಲಿವೆ. ಆದರೆ ಕಟ್ಟಡ ಅಂದರೆ ಎಲ್ಲರಿಗೂ ಉತ್ಸಾಹ, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದಲ್ವಾ? ಅಣ್ಣನಿಗೆ ಆಶ್ರಮ ಬೇಡ, ಅವರ ಖೋಲಿ ಅವರಿಗಿದೆ. ಬೇಕಾಗಿರುವುದು ಕೈಯಲ್ಲಿ ತಿಂಗಳ ದುಡ್ಡು, ಅದನ್ನು ಬರುವ ಹಾಗೆ ಮಾಡಿಸಿಕೊಡುವ ಒಬ್ಬ ಮನುಷ್ಯ.

ಮುಂಬಯಿಯ ನಮ್ಮ ಕನ್ನಡ ಸಂಘಗಳು ಇಂಥ ಅನುದಾನಕ್ಕೆ ಅರ್ಜಿ ಹಾಕಿ, ಮರಾಠಿ ಓದು ಬರಹ ಚೆನ್ನಾಗಿ ಬರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಸೇವೆ ಅಂತ ಸುಮ್ನೆ ದುಡಿಸಬೇಡಿ, ಎರಡು ತಿಂಗಳಿಗೆ ಬಿಟ್ಟು ಹೋಗುತ್ತಾರೆ. ತಿಂಗಳಿಗೆ 20,000 ಕೊಟ್ಟರೆ ವರ್ಷಕ್ಕೆ 2,40,000. ಆ ಹುಡುಗಿ ವರ್ಷದಲ್ಲಿ ಬರೀ ಇಪ್ಪತ್ತು ಜನರಿಗೆ ಶ್ರಾವಣಬಾಳದ ಹಣ ಕೊಡಿಸಿದರೂ ಅವರ ಕೈಗೆ ವರ್ಷಕ್ಕೆ 3,60,000 ಬರುತ್ತದೆ, ಅದೂ ಪ್ರತಿ ವರ್ಷ. ಪಿಎಫ್ ಕಟ್ ಆಗಿಯೂ ಪಿಂಚಣಿ ಕೇಳದೇ ಇರುವವರೂ ಇದ್ದಾರೆ. 10 ವರ್ಷದ ಸರ್ವಿಸ್ ಇದ್ದರೆ ಅದನ್ನೂ ಹುಡುಕಿ ತೆಗೆಸಬಹುದು.

ಈ ಸಲದ ಮಹಾಸಭೆಯಲ್ಲಿ ಸಭಾಂಗಣದ ಎಸಿ ವಿಷಯ ಮುಗಿದ ಮೇಲಾದರೂ ಇದನ್ನು ಎತ್ತಿ.

ಅಣ್ಣನ ಅರ್ಜಿ ಇನ್ನೂ ಪಾಸಾಗಿಲ್ಲ. ಮಂಗಳವಾರ ಮತ್ತೆ ಬರಲು ಹೇಳಿದ್ದಾರೆ, ಹೊಸ ಫೋಟೋ ಬೇಕಂತೆ.

— ಒಬ್ಬ ಓದುಗ, ಡೊಂಬಿವಲಿ