ಸಿನಿಮಾದಾಚೆಯ ಹಾಡಿಗೂ ವಿಮರ್ಶೆ ಬೇಕು

ಮಾನ್ಯರೆ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಸಿನಿಮಾ ಹಾಡುಗಳ ಬಿಡುಗಡೆ ಸಮಾರಂಭಕ್ಕೆ, ಅಲ್ಲಿಗೆ ಬಂದ ತಾರೆಯರ ಚಿತ್ರಗಳಿಗೆ ಸಿಗುವ ಜಾಗದಲ್ಲಿ ಒಂದು ಮೂಲೆಯನ್ನಾದರೂ, ಸಿನಿಮಾದ ಹಂಗಿಲ್ಲದೆ ಹಾಡು ಕಟ್ಟುವ ಬ್ಯಾಂಡ್‌ಗಳ ಆಲ್ಬಮ್‌ಗಳಿಗೆ ಮೀಸಲಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಇಂಥ ಬ್ಯಾಂಡ್‌ಗಳ ಸುದ್ದಿ ತಮ್ಮಲ್ಲಿ ಬರುವುದೇ ಇಲ್ಲವೆಂದಲ್ಲ. ಕಾರ್ಯಕ್ರಮ ನಡೆದರೆ ಫೋಟೊ ಬರುತ್ತದೆ, ಪ್ರಶಸ್ತಿ ಸಿಕ್ಕರೆ ಸಂದರ್ಶನ ಬರುತ್ತದೆ. ಹಾಡು ಹೇಗಿದೆ ಎಂಬುದೊಂದು ಮಾತ್ರ ಬರುವುದಿಲ್ಲ.

ಈ ಕೋರಿಕೆಗೆ ಕಾರಣ, ಕೇರಳದ ‘ಅವಿಯಲ್’ ಬ್ಯಾಂಡ್ 2008ರಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದ ಆಲ್ಬಮ್. ಆಲ್ಟರ್ನೇಟಿವ್ ರಾಕ್ ಎನ್ನುವ, ಜನಪ್ರಿಯ ರಾಕ್‌ಗಿಂತ ಬೇರೆ ಜಾಡು ಹಿಡಿದ ಸಂಗೀತವನ್ನು ಇಂಗ್ಲಿಷಿನ ಆಸರೆಯಿಲ್ಲದೆ, ಮಲಯಾಳದಲ್ಲಿಯೇ ಕಟ್ಟಿದ ಕೃತಿಯದು. ಕಲಬುರಗಿಯವನಾದ ನನಗೆ ಮಲಯಾಳ ಬಾರದು. ಆದರೂ ‘ಆಡು ಪಾಂಬೇ’ ಎಂಬ ಹಾಡು ಬಂದಾಗ, ಇದು ನಮ್ಮ ಕಡೆಯ ಪದವೇ ಅಲ್ಲವೇ ಎನಿಸಿತು. ಅದರ ಸಾಹಿತ್ಯ ನಾರಾಯಣ ಗುರುಗಳ ‘ಕುಂಡಲಿನಿ ಪಾಟ್ಟು’. ದೇಹದೊಳಗಿನ ಶಕ್ತಿಯನ್ನು ಹಾವೆಂದು ಕರೆದು, ಅದನ್ನೇ ಮಾತಾಡಿಸಿ ಆಡಿಸುವ ರಚನೆ. ಕಡಕೋಳ ಮಡಿವಾಳಪ್ಪನವರ, ಚೆನ್ನೂರ ಜಲಾಲಸಾಹೇಬರ ತತ್ವಪದಗಳನ್ನು ಅಮಾವಾಸ್ಯೆಯ ಭಜನೆಯಲ್ಲಿ ಕೇಳುತ್ತ ಬೆಳೆದವರಿಗೆ ಈ ದಾರಿ ಹೊಸದಲ್ಲ. ಭಜನೆಯಲ್ಲಿ ಏಕತಾರಿ ಒಂದೇ ಶ್ರುತಿಯಲ್ಲಿ ನಿಂತಿರುವಾಗ ದಮ್ಮಡಿ, ತಾಳಗಳು ಬಿರುಸಾಗುತ್ತ ಹೋಗಿ, ಮರುಕಳಿಸುವ ಪಲ್ಲವಿ ಪ್ರತಿ ಸಲವೂ ತುಸು ಬೇರೆಯಾಗಿಯೇ ಕೇಳಿಸುತ್ತದಲ್ಲ, ಇಲ್ಲಿ ಆ ಕೆಲಸವನ್ನು ಒರಟು ದನಿಯ ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ಸ್ ಮಾಡುತ್ತವೆ. ರಾಕ್ ಎಂದರೆ ಕಿರುಚಾಟ, ಅದು ನಮ್ಮ ಮಣ್ಣಿಗೆ ಒಗ್ಗದು ಎನ್ನುವವರು ಈ ಒಂದು ಹಾಡನ್ನು ಸಾವಧಾನದಿಂದ ಕೇಳಬೇಕು.

ಆದರೆ ಮೊಬೈಲಿನ ಸ್ಪೀಕರಿನಲ್ಲಿ ಬೇಡ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್‌ನಷ್ಟು, ಅಂದರೆ ಸೆಕೆಂಡಿಗೆ 41 ಕಂಪನಗಳಷ್ಟು ಕೆಳಗಿರುತ್ತದೆ. ಆ ಮಂದ್ರವನ್ನು ಬೆರಳುಗುರಿನಷ್ಟು ಅಗಲದ ಸ್ಪೀಕರ್ ಹೊರಡಿಸಲಾರದು. ಹೀಗಾಗಿ ಹಾಡಿನ ಬುನಾದಿಯೇ ಮಾಯವಾಗಿ, ಮೇಲಿನ ಕರಕರ ಸದ್ದಷ್ಟೇ ಉಳಿಯುತ್ತದೆ. ರಾಕ್ ಸಂಗೀತವನ್ನು ಗದ್ದಲವೆಂದು ತಳ್ಳಿಹಾಕುವ ಎಷ್ಟೋ ಜನ ಕೇಳಿರುವುದು ಈ ಕರಕರವನ್ನೇ ಎಂಬುದು ನನ್ನ ಗುಮಾನಿ. ಇನ್ನು ಆಲ್ಬಮ್ಮಿನ ಹಾಡುಗಳನ್ನು ಬ್ಯಾಂಡಿನವರು ಜೋಡಿಸಿದ ಅನುಕ್ರಮದಲ್ಲಿ ಕೇಳುವ ರೂಢಿಯೂ ಕಡಿಮೆಯಾಗಿದೆ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ 30 ಸೆಕೆಂಡು ಓಡಿದ ಹಾಡು ‘ಕೇಳಿದ’ ಲೆಕ್ಕಕ್ಕೆ ಸೇರುತ್ತದೆ; ಗಿಟಾರಿನಲ್ಲೇ ಒಂದು ನಿಮಿಷ ನಿಧಾನವಾಗಿ ಬಿಚ್ಚಿಕೊಳ್ಳುವ ಹಾಡಿಗೆ ಇದರಿಂದ ಆಗುವ ನಷ್ಟವನ್ನು ಹೇಳಬೇಕಾಗಿಲ್ಲ.

ಇಲ್ಲಿಯೇ ಪತ್ರಿಕೆಯ ಅಗತ್ಯ ಬೀಳುವುದು. ದೊಡ್ಡ ಆಡಿಯೊ ಕಂಪನಿಯ ಪ್ರಚಾರಬಲವಿಲ್ಲದ ಬ್ಯಾಂಡಿನ ಮೊದಲ ಆಲ್ಬಮ್ ಹೊರಗಿನವರ ಕಿವಿಗೆ ಬೀಳಬೇಕಾದರೆ, ಅದನ್ನು ಕೇಳಿ ನಾಲ್ಕು ಮಾತು ಬರೆಯುವವರು ಬೇಕು. 1983ರಲ್ಲಿ ಮೈಕಲ್ ಜಾಕ್ಸನ್ನರ ‘ಥ್ರಿಲ್ಲರ್’ ಎಲ್ಲೆಡೆ ಮೊಳಗುತ್ತಿದ್ದಾಗ, ಅಮೆರಿಕದ ಸಂಗೀತ ಪತ್ರಿಕೆ ‘ರೋಲಿಂಗ್ ಸ್ಟೋನ್’ನ ವಿಮರ್ಶಕರು ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಆರಿಸಿದ್ದು ಆರ್‌ಇಎಂ ಎಂಬ ಹೊಸ ಬ್ಯಾಂಡಿನ ‘ಮರ್ಮರ್’ ಅನ್ನು. ಆ ಬ್ಯಾಂಡು ನ್ಯೂಯಾರ್ಕಿನದಲ್ಲ, ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನದು. ನಮ್ಮದೂ ವಿಶ್ವವಿದ್ಯಾಲಯದ ಊರೇ.

ಕನ್ನಡದಲ್ಲಿ ಇಂಥ ಪ್ರಯತ್ನ ನಡೆದೇ ಇಲ್ಲವೆನ್ನುವಂತಿಲ್ಲ. ರಘು ದೀಕ್ಷಿತ್ ಅವರು ಅದೇ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಪದಗಳನ್ನೂ ಹಾಡಿದ್ದಾರೆ. ಆದರೆ ಶರೀಫರಿಂದ ಮುಂದಕ್ಕೆ, ಈ ಕಡೆಯ ತತ್ವಪದಕಾರರ ತನಕ ಬ್ಯಾಂಡ್‌ಗಳ ಕಣ್ಣು ಇನ್ನೂ ಅಷ್ಟಾಗಿ ಹರಿದಂತಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಗಿಟಾರ್ ಹಿಡಿದ ಹುಡುಗ ಹುಡುಗಿಯರಿದ್ದಾರೆ. ಸ್ನೇಹ ಸಮ್ಮೇಳನದಲ್ಲಿ ವೇದಿಕೆ ಸಿಕ್ಕರೂ ಸಿನಿಮಾ ಹಾಡನ್ನೇ ನುಡಿಸಬೇಕೆಂಬ ಒತ್ತಾಯ ಅವರ ಮೇಲಿರುತ್ತದೆ. ತತ್ವಪದಕ್ಕೆ ಗಿಟಾರ್ ಹಚ್ಚಿದರೆ ಅದು ಕೆಡುತ್ತದೆ ಎಂಬ ಹಿರಿಯರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ, ಪದದ ಅರ್ಥ ತಿಳಿಯದೆ ಬರೀ ಧಾಟಿಗೆ ಮರುಳಾದರೆ ಖಂಡಿತ ಕೆಡುತ್ತದೆ. ಯಾವುದು ಕೆಟ್ಟಿದೆ, ಯಾವುದು ಕೂಡಿಬಂದಿದೆ ಎಂದು ಕೇಳಿ ಬಿಡಿಸಿ ಹೇಳುವವರೂ ಇರಬೇಕಷ್ಟೆ.

ಆದ್ದರಿಂದ ತಿಂಗಳಿಗೆ ಒಂದೇ ಆಲ್ಬಮ್ಮಿನ ವಿಮರ್ಶೆಯಾದರೂ ತಮ್ಮ ಪುರವಣಿಯಲ್ಲಿ ಬರಲಿ. ಅದನ್ನು ಬರೆಯುವವರು ಎಲ್ಲ ಹಾಡುಗಳನ್ನೂ ಕೇಳಿರಲಿ, ಸಾಹಿತ್ಯ ಯಾರದೆಂದು ನಮೂದಿಸಲಿ, ಧ್ವನಿಮುದ್ರಣದ ಗುಣದೋಷಗಳನ್ನೂ ಹೇಳಲಿ. ನಮ್ಮ ಹುಡುಗರೆಂಬ ರಿಯಾಯಿತಿಯನ್ನು ಮಾತ್ರ ಯಾರಿಗೂ ಕೊಡುವುದು ಬೇಡ.

– ತಮ್ಮ ಖಾಯಂ ಓದುಗ, ಕಲಬುರಗಿ