ಸಹಿ ಹಾಕಿದ ಮನೆ ಬೇಡ ಅಂದರೆ

ಪುಟ್ಟಿ,

ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರೂ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೆಲಸವೇ ಬೇರೆ ಊರಿಗೆ ಹೋದ ಮೇಲೆ ಆ ಬಾಡಿಗೆ ಮನೆ ನಿನಗೆ ಬೇಡವಾಗಿದ್ದು ಸಹಜ. ಆದರೆ "ಇನ್ನೂ ಕಾಲೇ ಇಟ್ಟಿಲ್ಲವಲ್ಲಪ್ಪ, ಸುಮ್ನೆ ಹೋಗದೆ ಇದ್ದರಾಯಿತು" ಅಂದೆಯಲ್ಲ, ಅದು ಆಗುವ ಮಾತಲ್ಲ.

ಸಾಮಾನು ಇಳಿಸಲಿ ಬಿಡಲಿ, ನೀನೂ ಓನರೂ ಸಹಿ ಹಾಕಿದ ಮೇಲೆ ಕರಾರು ಕರಾರೇ. ನೀನು ಬೀಗದ ಕೈ ತಗೊಳ್ಳದಿದ್ದರೂ ಬಾಡಿಗೆ ಲೆಕ್ಕ ಓಡಬಹುದು. ಕೆಲವು ದಿನದೊಳಗೆ ರದ್ದು ಮಾಡಬಹುದಂತೆ ಅಂತ ನಿನ್ನ ಗೆಳತಿ ಹೇಳಿದ್ದು ಬಾಡಿಗೆ ಮನೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಕರಾರಿನಲ್ಲೇ ಹಾಗೆ ಬರೆದಿದ್ದರೆ ಮಾತ್ರ ಉಂಟು. ಮೊದಲು ಅದನ್ನು ತೆಗೆದು ನೋಡು. ಅವಧಿಗೆ ಮುಂಚೆ ಬಿಡುವ ಬಗ್ಗೆ ಏನಿದೆ, ಎಷ್ಟು ದಿನದ ನೋಟಿಸ್, ಲಾಕ್-ಇನ್, ಅಂದರೆ ಇಷ್ಟು ತಿಂಗಳು ಬಿಡುವ ಹಾಗಿಲ್ಲ ಅನ್ನುವ ಷರತ್ತು, ಇದೆಯಾ. ಮನೆ ಹಿಡಿದಿಡೋಕೆ ಕೊಟ್ಟ ಟೋಕನ್ ಬೇರೆ, ಅಡ್ವಾನ್ಸ್ ಬೇರೆ. ಅಡ್ವಾನ್ಸ್ ಬಿಟ್ಟುಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡ, ಅದರ ಮೇಲೂ ಕೇಳುವವರಿದ್ದಾರೆ. ನಿನ್ನ ಜೊತೆ ಕರಾರಿಗೆ ಸಹಿ ಹಾಕಿದ ಗೆಳತಿಗೂ ಈಗಲೇ ಹೇಳು, ನಿನ್ನ ಪಾಲು ಅವಳ ತಲೆಗೆ ಬಂದರೂ ಬರಬಹುದು.

ಓನರ್‌ಗೆ ಇವತ್ತೇ ತಿಳಿಸು. ಹೇಗೆ ಹೇಳಲಿ ಅಂತ ನಾಚಿಕೊಂಡು ನೀನು ತಡ ಮಾಡಿದಷ್ಟೂ ಆ ಮನೆ ಖಾಲಿ ಬೀಳುತ್ತದೆ, ಅವರಿಗಾಗುವ ನಷ್ಟವನ್ನೇ ಅವರು ನಿನ್ನ ಹತ್ತಿರ ಕೇಳುವುದು. ಇವತ್ತಾದರೆ ಆ ಮನೆ ಕೇಳಿ ಸಿಗದೆ ಹೋದವರು ಇನ್ನೂ ಹುಡುಕುತ್ತಿರಬಹುದು. ಎಷ್ಟೋ ಕಡೆ ಕಾನೂನೇ ಓನರ್ ಸುಮ್ಮನೆ ಕೂತು ಪೂರ್ತಿ ಅವಧಿಯ ಬಾಡಿಗೆ ಕೇಳುವ ಹಾಗಿಲ್ಲ, ಬೇರೆ ಬಾಡಿಗೆದಾರರನ್ನು ಹುಡುಕಲೇಬೇಕು ಅನ್ನುತ್ತದೆ. ಎಲ್ಲ ಕಡೆ ಹಾಗಿಲ್ಲ, ನಿನ್ನ ಊರಿನ ನಿಯಮ ವಿಚಾರಿಸು. ನಿಯಮ ಏನೇ ಇರಲಿ, "ನಾನೇ ಯಾರನ್ನಾದರೂ ಹುಡುಕಿ ಕೊಡುತ್ತೇನೆ, ಅವರು ಬರುವ ತನಕದ ಬಾಡಿಗೆ ನನ್ನದು" ಅಂತ ಮೊದಲು ನೀನೇ ಅಂದುಬಿಟ್ಟರೆ ಅರ್ಧ ಜಗಳ ಅಲ್ಲೇ ಕರಗುತ್ತದೆ. ಕೊಟ್ಟ ಚೆಕ್ ತಡೆಹಿಡಿಯೋ ಬುದ್ಧಿವಂತಿಕೆ ಮಾತ್ರ ಬೇಡ.

ಅವರು "ಆಯ್ತಮ್ಮ, ಪರವಾಗಿಲ್ಲ" ಅಂದರೂ ಬರವಣಿಗೆಯಲ್ಲಿ ತಗೋ. ಕರಾರು ಈ ದಿನಕ್ಕೆ ಮುಗಿಯಿತು, ಇಷ್ಟು ಹಿಡಿದುಕೊಂಡು ಇಷ್ಟು ವಾಪಸ್, ಇನ್ನು ಬಾಕಿ ಏನೂ ಇಲ್ಲ, ಇಷ್ಟು ಇದ್ದರೆ ಸಾಕು. ಒಳ್ಳೆಯವರೂ ಮರೆಯುತ್ತಾರೆ, ಅಲ್ವಾ?

ಮೆಸೇಜ್ ಬರೆದು ಮೊದಲು ನನಗೆ ಕಳಿಸು. ಕ್ಷಮೆ ಕೇಳೋಕೆ ಒಂದು ಸಾಲು ಸಾಕು, ಆಫೀಸಿನ ಕತೆಯೆಲ್ಲ ಬೇಡ.

ಅಪ್ಪ