ಅಶ್ವಗಂಧ: ಬೇರೋ ಎಲೆಯೋ, ಮೊದಲು ಅದನ್ನು ಹೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರದ ಆರೋಗ್ಯ ಪುರವಣಿಯಲ್ಲಿ ಅಶ್ವಗಂಧದ ಬಗ್ಗೆ ಬಂದ ಲೇಖನ ಓದಿದೆ. ಒತ್ತಡಕ್ಕೆ, ನಿದ್ರೆಗೆ, ಥೈರಾಯ್ಡ್‌ಗೆ ಇದು ರಾಮಬಾಣ ಎಂದು ವಿಜ್ಞಾನವೇ ಒಪ್ಪಿಬಿಟ್ಟಿದೆ ಎಂಬ ಧಾಟಿ ಅದರದು. ಅದೇ ಪುಟದ ಬುಡದಲ್ಲಿ ಅಶ್ವಗಂಧ ಕ್ಯಾಪ್ಸೂಲಿನ ಜಾಹೀರಾತೂ ಇತ್ತು. ಅದು ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. ನಾನು ದಾವಣಗೆರೆಯಲ್ಲಿ ಔಷಧಿ ಅಂಗಡಿ ನಡೆಸುವ ಫಾರ್ಮಸಿಸ್ಟ್. ಅಶ್ವಗಂಧ ಮಾರುತ್ತೇನೆ, ಅದರಲ್ಲಿ ನಾಲ್ಕು ಕಾಸು ಉಳಿಯುವುದೂ ಉಂಟು. ಹಾಗಾಗಿ ಇದನ್ನು ಆಯುರ್ವೇದ ಕಂಡರಾಗದವನ ತಕರಾರು ಎಂದು ಯಾರೂ ತಿಳಿಯಬೇಕಿಲ್ಲ.

ಸಂಶೋಧನೆ ನಡೆದಿಲ್ಲ ಎನ್ನುವಂತಿಲ್ಲ. 2012ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಸೈಕಲಾಜಿಕಲ್ ಮೆಡಿಸಿನ್’ನಲ್ಲಿ ಪ್ರಕಟವಾದ ಪ್ರಯೋಗವನ್ನು ಇಂದಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ಬಹುಕಾಲದ ಮಾನಸಿಕ ಒತ್ತಡವಿದ್ದ 64 ಮಂದಿಯಲ್ಲಿ ಕೆಲವರಿಗೆ ಬೇರಿನ ಸಾರ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಕ್ಯಾಪ್ಸೂಲು. ದಿನಕ್ಕೆ ಎರಡು ಸಲ 300 ಮಿಲಿಗ್ರಾಂನಂತೆ 60 ದಿನ ಕೊಟ್ಟು ನೋಡಿದರು. ಸಾರ ತೆಗೆದುಕೊಂಡವರ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಸುಮಾರು ಶೇ 28ರಷ್ಟು ಇಳಿದಿತ್ತು. ಒಳ್ಳೆಯ ಫಲಿತಾಂಶವೇ. ಆದರೆ ಪರೀಕ್ಷೆಗೆ ಒಳಗಾದದ್ದು ಒಂದು ನಿರ್ದಿಷ್ಟ ಹದಕ್ಕೆ ತಂದ ಬೇರಿನ ಸಾರ, ಒಂದು ನಿರ್ದಿಷ್ಟ ಪ್ರಮಾಣ, ಎರಡು ತಿಂಗಳು. ‘ಅಶ್ವಗಂಧ’ ಎಂದು ಹೆಸರಿಟ್ಟುಕೊಂಡ ಪ್ರತಿಯೊಂದು ಡಬ್ಬಿಗೂ ಆ ಸರ್ಟಿಫಿಕೇಟು ಅನ್ವಯಿಸುವುದಿಲ್ಲ.

ನನ್ನ ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುವ ಎರಡು ಡಬ್ಬಿಗಳನ್ನೇ ನೋಡಿ. ಎರಡರ ಮೇಲೂ ದಪ್ಪಕ್ಷರದಲ್ಲಿ ‘500 ಎಂಜಿ’ ಎಂದಿದೆ. ಒಂದು ಬೇರಿನ ಬರೀ ಪುಡಿ. ಆಯುರ್ವೇದ ಔಷಧದ ಲೈಸೆನ್ಸ್ ಸಂಖ್ಯೆ ಇದೆ, ಸಸ್ಯದ ಹೆಸರಿನ ಪಕ್ಕ ರೂಟ್ ಎಂಬುದರ ಸಂಕ್ಷೇಪವಾಗಿ ‘ಆರ್‌ಟಿ’ ಎಂದು ನಮೂದಿಸಿದ್ದಾರೆ. ಇನ್ನೊಂದು ಸಾರ, ಅದರ ಮೇಲಿರುವುದು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ, ಅಂದರೆ ಕಾನೂನಿನ ಕಣ್ಣಲ್ಲಿ ಅದು ಔಷಧವಲ್ಲ, ಆಹಾರ. ಗಿಡದ ಯಾವ ಭಾಗದ ಸಾರ ಎಂದು ತಿಳಿಯಲು ನಾನು ಕನ್ನಡಕ ಏರಿಸಿ ಡಬ್ಬಿಯನ್ನು ಟ್ಯೂಬ್‌ಲೈಟಿಗೆ ಹಿಡಿಯಬೇಕಾಯಿತು. ಈ ಗಿಡದ ಗುಣಕ್ಕೆ ಮುಖ್ಯ ಕಾರಣವೆಂದು ಹೇಳುವ ವಿಥಾನೊಲೈಡ್‌ಗಳು ಬೇರಿನಲ್ಲಿ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ. ಹಾಗಾಗಿ 500 ಮಿಲಿಗ್ರಾಂ ಪುಡಿಯಲ್ಲಿ ಅವು 5 ಮಿಲಿಗ್ರಾಂ ಕೂಡ ಇರಲಾರವು. ಶೇ 5ರ ಸಾರವಾದರೆ ಅಷ್ಟೇ ತೂಕದಲ್ಲಿ 25 ಮಿಲಿಗ್ರಾಂ. ಶೇ 35ರ ಸಾರವೂ ಮಾರುಕಟ್ಟೆಯಲ್ಲಿದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಗಿರಾಕಿಗೆ ಮಾತ್ರ ಎಲ್ಲವೂ ಒಂದೇ. ‘ಅದೇ ಸಾರ್, ಪೇಪರ್‌ನಲ್ಲಿ ಬಂದಿತ್ತಲ್ಲ, ಅದು ಕೊಡಿ’ ಎನ್ನುತ್ತಾರೆ.

ಎಲೆಯ ವಿಚಾರ ಇದಕ್ಕಿಂತ ದೊಡ್ಡದು, ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಚರಕ ಸಂಹಿತೆ ಅಶ್ವಗಂಧವನ್ನು ಬಲ ಕೊಡುವ, ಮೈ ತುಂಬಿಸುವ ದ್ರವ್ಯಗಳ ಗುಂಪಿಗೆ ಸೇರಿಸಿದೆ. ವೈದ್ಯರು ಒಳಗೆ ತೆಗೆದುಕೊಳ್ಳಲು ಕೊಡುತ್ತ ಬಂದಿರುವುದು ಬೇರನ್ನು. ಔಷಧಗಳ ಅಧಿಕೃತ ಗ್ರಂಥವಾದ ಭಾರತೀಯ ಆಯುರ್ವೇದ ಫಾರ್ಮಕೋಪಿಯ ಹೇಳುವುದೂ ಒಣಗಿದ ಬೇರನ್ನೇ, ದಿನಕ್ಕೆ 3ರಿಂದ 6 ಗ್ರಾಂ ಪುಡಿ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆಯ ರೈತರು ಮಳೆಗಾಲದಲ್ಲಿ ಬಿತ್ತಿ, ಐದಾರು ತಿಂಗಳು ಕಾದು, ಗಿಡ ಕಿತ್ತು, ಬೇರನ್ನು ದಪ್ಪ–ತೆಳು ನೋಡಿ ದರ್ಜೆ ಮಾಡಿ ಮಂಡಿಗೆ ಹಾಕುತ್ತಾರೆ. ನಮ್ಮ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಅಶ್ವಗಂಧ’ ಎಂಬ ತಳಿಯನ್ನೇ ಕೊಟ್ಟಿದೆ. ಬೆಲೆ ಬೇರಿಗೆ, ಸೊಪ್ಪು ಹೊಲದಲ್ಲೇ ಉಳಿಯುವ ಕಸ. ಕಸದಲ್ಲಿ ಕಾಸು ಕಾಣುವವರು ಎಲ್ಲ ಕಾಲದಲ್ಲೂ ಇದ್ದಾರೆ. ಎಲೆಯಲ್ಲಿ ವಿಥಾಫೆರಿನ್‌–ಎ ಎಂಬ ರಾಸಾಯನಿಕ ಹೇರಳವಾಗಿದೆ. ಜೀವಕೋಶಗಳನ್ನು ಕೊಲ್ಲುವ ಶಕ್ತಿ ಇರುವುದರಿಂದಲೇ ಕ್ಯಾನ್ಸರ್ ಸಂಶೋಧಕರು ಪ್ರಯೋಗಾಲಯದಲ್ಲಿ ಅದರ ಬೆನ್ನುಹತ್ತಿರುವುದು. ಅದೂ ವಿಥಾನೊಲೈಡ್ ಗುಂಪಿನದೇ. ಆದ್ದರಿಂದ ಬೇರಿಗೆ ಎಲೆ ಬೆರೆಸಿದರೆ ಖರ್ಚು ಇಳಿಯುತ್ತದೆ, ಲೇಬಲ್ಲಿನ ಶೇಕಡಾ ಅಂಕಿ ಏರುತ್ತದೆ! ಒಟ್ಟು ವಿಥಾನೊಲೈಡ್ ಎಷ್ಟಿದೆ ಎಂದಷ್ಟೇ ಅಳೆಯುವ ಪರೀಕ್ಷೆ ಇಂಥ ಮಾಲನ್ನು ಪಾಸು ಮಾಡುವುದಲ್ಲದೆ ಹೆಚ್ಚಿನ ಅಂಕವನ್ನೂ ಕೊಡುತ್ತದೆ. ಔಷಧಕ್ಕೆ ಎಲೆ ಬಳಸಬೇಡಿ ಎಂದು ಕೇಂದ್ರ ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿತ್ತು. ಆ ಸೂಚನೆ ಹೊರಟದ್ದು ಸುಮ್ಮನೆ ಅಲ್ಲ.

ಇನ್ನು ಥೈರಾಯ್ಡ್. 2018ರಲ್ಲಿ ಪ್ರಕಟವಾದ ಇನ್ನೊಂದು ಭಾರತೀಯ ಪ್ರಯೋಗದಲ್ಲಿ, ಥೈರಾಯ್ಡ್ ತುಸು ಮಂದವಾಗಿದ್ದ 50 ಜನರನ್ನು ಎಂಟು ವಾರ ಪರೀಕ್ಷಿಸಿದರು. ದಿನಕ್ಕೆ 600 ಮಿಲಿಗ್ರಾಂ ಸಾರ ತೆಗೆದುಕೊಂಡವರಲ್ಲಿ, ಥೈರಾಯ್ಡ್ ಮಂದವಾದಾಗ ಏರುವ ಟಿಎಸ್‌ಎಚ್ ಇಳಿದು ಥೈರಾಯ್ಡ್ ಹಾರ್ಮೋನುಗಳು ಏರಿದವು. ನಿಮ್ಮ ಲೇಖಕರು ಇದನ್ನು ಸಿಹಿಸುದ್ದಿಯಾಗಿ ಬರೆದಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ ಮಾತ್ರೆ ನುಂಗುವ ಎಷ್ಟೋ ಹೆಣ್ಣುಮಕ್ಕಳು ನನ್ನ ಅಂಗಡಿಗೆ ಬರುತ್ತಾರೆ. ಅವರು ಇದನ್ನು ಓದಿ ಅಶ್ವಗಂಧವನ್ನೂ ಶುರು ಮಾಡಿದರೆ ಏನಾಗುತ್ತದೆ? ಡಾಕ್ಟರು ಅಳೆದು ಕೊಟ್ಟ ಡೋಸಿನ ಮೇಲೆ ಲೆಕ್ಕಕ್ಕೆ ಸಿಗದ ಇನ್ನೊಂದು ಡೋಸು ಬೀಳುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ತೂಕ ಇಳಿಯುವುದು ಶುರುವಾದರೆ ‘ಟೆನ್ಷನ್’ ಎಂದುಕೊಂಡು ಇನ್ನೊಂದು ಕ್ಯಾಪ್ಸೂಲು ಹೆಚ್ಚು ನುಂಗುವವರೂ ಇದ್ದಾರೆ.

ಯಕೃತ್ತಿನ ವರದಿಗಳನ್ನೂ ಮುಚ್ಚಿಡಬಾರದು. ಐಸ್‌ಲ್ಯಾಂಡ್ ಮತ್ತು ಅಮೆರಿಕದ ಐದು ಪ್ರಕರಣಗಳು 2020ರಲ್ಲಿ ಪ್ರಕಟವಾದವು: ಕಾಮಾಲೆ, ಮೈತುರಿಕೆ, ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಗುಣ. 2023ರಲ್ಲಿ ಭಾರತದ ವೈದ್ಯರೇ ಇಂಥ ಪ್ರಕರಣಗಳನ್ನು ಕಲೆಹಾಕಿ ಪ್ರಕಟಿಸಿದರು. ಅದರಲ್ಲಿ, ಮೊದಲೇ ಯಕೃತ್ತಿನ ಕಾಯಿಲೆ ಇದ್ದವರ ಪೈಕಿ ಸಾವೂ ಸಂಭವಿಸಿದೆ. ತೆಗೆದುಕೊಳ್ಳುವವರ ಸಂಖ್ಯೆಗೆ ಹೋಲಿಸಿದರೆ ಇವು ವಿರಳ, ಒಪ್ಪುತ್ತೇನೆ. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನೇ ನಿಷೇಧಿಸಿದ್ದು ನನಗೂ ಅತಿಯೆನಿಸಿತು. ಬೇರನ್ನೂ ಎಲೆಯನ್ನೂ ಬೇರೆಬೇರೆಯಾಗಿ ನೋಡಬೇಕಿತ್ತು. ಅಲ್ಲಿ ಅತಿ ಭಯ, ಇಲ್ಲಿ ಅತಿ ಭಕ್ತಿ.

ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ‘ಸಂಶೋಧನೆಯಿಂದ ಸಾಬೀತು’ ಎಂದು ಬರೆಯುವಾಗ ಗಿಡದ ಯಾವ ಭಾಗ, ಪುಡಿಯೋ ಸಾರವೋ, ಎಷ್ಟು ಜನ, ಎಷ್ಟು ದಿನ, ಪ್ರಯೋಗಕ್ಕೆ ದುಡ್ಡು ಕೊಟ್ಟವರು ಯಾರು ಎಂಬುದನ್ನು ಅದೇ ಸಾಲಿನಲ್ಲಿ ಅಚ್ಚು ಹಾಕಿ. ಗರ್ಭಿಣಿಯರು, ಥೈರಾಯ್ಡ್ ಅಥವಾ ನಿದ್ದೆ ಮಾತ್ರೆ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆ ಇರುವವರು ತಾವಾಗಿ ಶುರು ಮಾಡಬಾರದು ಎಂದು ಒಂದು ಚೌಕಟ್ಟು ಕಟ್ಟಿ ಹಾಕಿ. ಜಾಹೀರಾತು ತರುವವರನ್ನೂ ಒಂದು ಮಾತು ಕೇಳಿ, ಡಬ್ಬಿಯೊಳಗೆ ಇರುವುದು ಬೇರೋ ಎಲೆಯೋ ಎಂದು. ರಾಜ್ಯದ ಆಯುಷ್ ಇಲಾಖೆ ಅಂಗಡಿಗಳಿಂದ ಮಾದರಿ ಎತ್ತಿ ಎಲೆಯ ಕಲಬೆರಕೆಯನ್ನೇ ಗುರಿಯಾಗಿಟ್ಟು ಪರೀಕ್ಷಿಸಲಿ. ಎಲೆಯಲ್ಲಿ ಹೇರಳವಾಗಿರುವ ಫ್ಲೇವೊನಾಲ್ ಗ್ಲೈಕೊಸೈಡ್ ಎಂಬ ರಾಸಾಯನಿಕಗಳನ್ನು ಹುಡುಕಿದರೆ ಕಳ್ಳ ಸಿಗುತ್ತಾನೆ. ಮೊದಲ ಮಾದರಿಯನ್ನು ನನ್ನ ಕಪಾಟಿನಿಂದಲೇ ಒಯ್ಯಬಹುದು, ರಸೀದಿ ಕೊಟ್ಟರೆ ಸಾಕು.

ಇಂತಿ,
ಒಬ್ಬ ಫಾರ್ಮಸಿಸ್ಟ್, ದಾವಣಗೆರೆ